ಜರಡಿಮನೆಯ ಉಸಿರು

ಪರೀಕ್ಷೆಗೆ ಗೊತ್ತುಮಾಡಿದ್ದು ಇಪ್ಪತ್ನಾಲ್ಕು ದಿನ. ಮೊದಲ ಎಂಟು ದಿನ ಅಕ್ಕ ಎಂದಿನಂತೆ ಗಿರಣಿಯ ಜರಡಿಮನೆಯಲ್ಲಿ ದುಡಿಯಬೇಕು. ಉಳಿದ ಹದಿನಾರು ದಿನ ರಜೆ ಹಾಕಿ ಮನೆಯಲ್ಲಿರಬೇಕು. ಪ್ರತಿದಿನ ಬೆಳಗ್ಗೆ ಏಳಕ್ಕೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ, ಗಿರಣಿಯ ಡಾಕ್ಟರು ಕೊಟ್ಟ ಪ್ಲಾಸ್ಟಿಕ್ ಕೊಳವೆಯೊಳಗೆ ಬಲವಾಗಿ ಊದಬೇಕು. ಪ್ರತಿ ಸಲವೂ ಮೂರು ಬಾರಿ ಊದಿ, ಕೊಳವೆಯ ಮೇಲಿನ ಕೆಂಪು ಮುಳ್ಳು ಅತಿ ಮುಂದೆ ಸರಿದ ಅಂಕವನ್ನು ಮಾತ್ರ ಹಾಳೆಯಲ್ಲಿ ಬರೆಯಬೇಕು. ಬರೆಯುವ ಕೆಲಸ ತಂಗಿಯದು.

ಗಿರಣಿಗೆ ಬರುವುದು ಇಸಬಗೋಲಿನ ಬೀಜ. ಎಳ್ಳಿಗಿಂತ ಚಿಕ್ಕದಾದ, ದೋಣಿಯಂತೆ ನಡು ತಗ್ಗಿದ, ನಸುಗೆಂಪು ಬೀಜ. ಅದರ ಮೇಲಿನ ಹೊಟ್ಟನ್ನು ಉಜ್ಜಿ ಬಿಡಿಸಿ, ಏಳು ಜರಡಿಗಳಲ್ಲಿ ಹಾಯಿಸಿ, ಡಬ್ಬಗಳಿಗೆ ತುಂಬಿ ಕಳಿಸುತ್ತಾರೆ. ಕೊಂಡವರು ಒಂದು ಚಮಚದಷ್ಟನ್ನು ಲೋಟ ನೀರಿಗೆ ಬೆರೆಸಿ, ಲೋಳೆಯಾಗಿ ಗಟ್ಟಿಯಾಗುವ ಮೊದಲೇ ಗಟಗಟನೆ ಕುಡಿದು, ಮರುದಿನ ಬೆಳಗ್ಗೆ ಹೊಟ್ಟೆ ಹಗುರ ಮಾಡಿಕೊಳ್ಳುತ್ತಾರೆ. ಕರುಳಿಗೆ ಅಷ್ಟು ಹಿತವಾದ ಈ ಹೊಟ್ಟು ಧೂಳಾಗಿ ಮೂಗಿಗೆ ಹೋದರೆ ಕೆಲವರಿಗೆ ಒಗ್ಗುವುದಿಲ್ಲ. ಜರಡಿಮನೆಯಲ್ಲಿ ಇದು ಎಲ್ಲರಿಗೂ ಗೊತ್ತು. ಆದರೆ ಆ ಕೆಲವರಲ್ಲಿ ತಾನೂ ಒಬ್ಬಳೆಂದು ಒಪ್ಪಿಕೊಂಡವರು ಯಾರೂ ಇರಲಿಲ್ಲ.

ಅಕ್ಕ ಒಪ್ಪಿಕೊಳ್ಳುವುದಂತೂ ದೂರದ ಮಾತು. ಇಪ್ಪತ್ತೆರಡು ವರ್ಷಗಳ ಹಿಂದೆ ಪೊರಕೆ ಹಿಡಿದು ಒಳಗೆ ಬಂದವಳು ಈಗ ಹದಿನೆಂಟು ಹೆಂಗಸರ ಮೇಲ್ವಿಚಾರಕಿ. ಗಿರಣಿಯಲ್ಲಿ ಅವಳಿಗೆ 'ಜರಡಿಯಮ್ಮ' ಎಂಬ ಹೆಸರೇ ನಿಂತಿತ್ತು. ಚಿಟಿಕೆ ಹೊಟ್ಟನ್ನು ಬೆರಳುಗಳ ನಡುವೆ ಉಜ್ಜಿ ಯಾವ ಜರಡಿಯದೆಂದು ಕಣ್ಣುಮುಚ್ಚಿ ಹೇಳುತ್ತಿದ್ದಳು. ಅಂಥವಳು ತಿಂಗಳ ಹಿಂದೆ ನಾಲ್ಕನೆಯ ಜರಡಿಯ ಪಕ್ಕದಲ್ಲೇ ಉಸಿರು ಸಿಕ್ಕದೆ ಕುಸಿದು, ತುಟಿ ನೀಲಿಗಟ್ಟಿ, ಸ್ಟ್ರೆಚರಿನ ಮೇಲೆ ಹೊರಬಂದಳು. ಗುಣವಾದ ಮೇಲೆ ಗಿರಣಿಯ ಡಾಕ್ಟರು ಅವಳನ್ನೂ ತಂಗಿಯನ್ನೂ ಎದುರಿಗೆ ಕೂರಿಸಿಕೊಂಡು ನೇರವಾಗಿಯೇ ಹೇಳಿದ್ದರು:

"ಮನೇಲಿದ್ದಾಗ ಅಂಕ ಏರಿದ್ರೆ ಧೂಳೇ ಕಾರಣ. ಆಗ ನೀವು ಜರಡಿಮನೇಲಿ ಒಂದು ಗಂಟೆನೂ ನಿಲ್ಲೋ ಹಾಗಿಲ್ಲ. ಇನ್ನೊಂದ್ಸಲ ಹೀಗೆ ಬಿದ್ರೆ ಆಸ್ಪತ್ರೆ ಮುಟ್ತೀರಿ ಅಂತ ನಾನು ಮಾತು ಕೊಡಲಾರೆ. ಅಂಕ ಏರದಿದ್ರೆ ಕಾರಣ ಬೇರೆ. ಔಷಧಿ ತಗೊಂಡು ನಿಮ್ಮ ಜಾಗಕ್ಕೆ ವಾಪಸ್ ಹೋಗಿ."

"ಏರಲ್ಲ ಬಿಡಿ," ಎಂದಿದ್ದಳು ಅಕ್ಕ. ಆಮೇಲೆ ತಂಗಿಯ ಕಡೆ ತಿರುಗದೆಯೇ, "ಇವಳೇ ಬರೀಲಿ. ಇವಳ ಕೈಬರಹದಲ್ಲೇ ನಾನು ಗೆಲ್ಬೇಕು," ಎಂದಿದ್ದಳು.

ತಂಗಿ ಅದೇ ಗಿರಣಿಯ ಪ್ರಯೋಗಾಲಯದಲ್ಲಿ ಪರೀಕ್ಷಕಿ. ಅಪ್ಪ ತೀರಿಕೊಂಡಾಗ ಅವಳಿಗೆ ಎಂಟು ವರ್ಷ. ಹೊಲಿಗೆ ಯಂತ್ರ ತುಳಿಯುತ್ತಿದ್ದ ಅಮ್ಮನೂ ಜರಡಿ ಅಲ್ಲಾಡಿಸುತ್ತಿದ್ದ ಅಕ್ಕನೂ ಸೇರಿ ಅವಳನ್ನು ವಿಜ್ಞಾನ ಪದವಿಯವರೆಗೆ ಓದಿಸಿದ್ದರು. ಗಿರಣಿಗೆ ಸೇರಿದ ಮೊದಲ ವಾರ ಅಕ್ಕ ಅವಳನ್ನು ಕೈಹಿಡಿದು ಜರಡಿಮನೆಯೆಲ್ಲ ಸುತ್ತಿಸಿ, "ನಮ್ಮನೆ ಹುಡುಗಿ, ಬಿಳಿ ಕೋಟು ಹಾಕೋಳು," ಎಂದು ತೋರಿಸಿದ್ದಳು. ಆ ಅಕ್ಕರೆ ಬಾಳಿದ್ದು ಐದು ತಿಂಗಳು. ಆರನೆಯ ತಿಂಗಳಲ್ಲಿ, ಅಕ್ಕ ಬೆರಳಿನಿಂದ ಉಜ್ಜಿ 'ಮೊದಲ ದರ್ಜೆ' ಎಂದು ಕಳಿಸಿದ ಹೊಟ್ಟು ತಂಗಿಯ ಗಾಜಿನ ನಳಿಗೆಯ ನೀರಿನಲ್ಲಿ ನಿಗದಿಯಾದಷ್ಟು ಉಬ್ಬಲಿಲ್ಲ. ನಲವತ್ತರ ಗೆರೆ ಮುಟ್ಟಬೇಕಾದದ್ದು ಮೂವತ್ತಾರಕ್ಕೆ ನಿಂತಿತು. ತಂಗಿ ಮೂರು ಸಲ ಪರೀಕ್ಷಿಸಿ, 'ತಿರಸ್ಕೃತ' ಎಂಬ ಕೆಂಪು ಚೀಟಿ ಅಂಟಿಸಿ ಚೀಲಗಳನ್ನು ವಾಪಸ್ಸು ಕಳಿಸಿದಳು. ಇಪ್ಪತ್ತೆರಡು ವರ್ಷದಲ್ಲಿ ಜರಡಿಯಮ್ಮನ ಬೆರಳಿಗೆ ಬಿದ್ದ ಮೊದಲ ಕೆಂಪು ಚೀಟಿ ಅದು. ಅವಳ ಜಾಗಕ್ಕೆ ಹೊಂಚು ಹಾಕಿ ಕೂತಿದ್ದ, ಎಡಗೈಯಲ್ಲಿ ಜರಡಿ ಹಿಡಿಯುವ ಕಾರಣ ಎಲ್ಲರೂ 'ಎಡಚಿ' ಎನ್ನುತ್ತಿದ್ದ ಹೆಂಗಸು, ಆ ಚೀಟಿಯನ್ನು ಎರಡು ದಿನ ಎಲ್ಲರಿಗೂ ತೋರಿಸುತ್ತ ತಿರುಗಿದಳು.

ಅಂದಿನಿಂದ, ಈ ಆರು ತಿಂಗಳಿಂದ, ಅಕ್ಕ ತಂಗಿಯೊಡನೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದ್ದಳು. ಎದುರೆದುರೇ ಕೂತಿದ್ದರೂ ಮಾತು ಅಮ್ಮನ ಮೂಲಕವೇ ಹಾಯಬೇಕಿತ್ತು.

"ಅಮ್ಮಾ, ಮೇಡಂಗೆ ಹೇಳು, ಏಳು ಗಂಟೆ ಆಯ್ತು. ಕೊಳವೆ ತರಲಿ."

"ಅವಳಿಗೇ ಕೇಳಿಸಿತಲ್ಲೇ. ನಾನೇನು ಟೆಲಿಫೋನ್ ತಂತೀನಾ?"

"ಕೇಳಿಸಿದ್ರೆ ತಂದ್ಬಿಡಲಿ."

ತಂಗಿ ಕೊಳವೆಯನ್ನು ಬಟ್ಟೆಯಿಂದ ಒರೆಸಿ, ಮುಳ್ಳನ್ನು ಸೊನ್ನೆಗೆ ತಂದು ಮೇಜಿನ ಮೇಲಿಡುತ್ತಿದ್ದಳು. ಅಕ್ಕ ಎದ್ದು ನಿಂತು, ಎದೆ ತುಂಬ ಗಾಳಿ ಎಳೆದು, ಯಾರ ಮೇಲೋ ಹಗೆ ತೀರಿಸಿಕೊಳ್ಳುವಂತೆ ಊದುತ್ತಿದ್ದಳು. ಅವಳ ಎತ್ತರ, ವಯಸ್ಸಿಗೆ ಆರೋಗ್ಯದ ಅಂಕ ನಾನೂರ ಇಪ್ಪತ್ತು. ಗಿರಣಿಯ ಎಂಟು ದಿನಗಳಲ್ಲಿ ಬೆಳಗಿನ ಸರಾಸರಿ ಮುನ್ನೂರ ಹತ್ತು, ಸಂಜೆಯದು ಇನ್ನೂರ ಎಪ್ಪತ್ತು. ತಂಗಿ ಎರಡನ್ನೂ ಎರಡು ಬಣ್ಣದ ಶಾಯಿಯಲ್ಲಿ ಗುರುತಿಸಿ, ರಜೆ ಶುರುವಾದೊಡನೆ ಗೆರೆ ಮೇಲೇಳುವುದನ್ನು ಕಾದಳು.

ಗೆರೆ ಏಳಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ಮುನ್ನೂರ ಹತ್ತು, ಸಂಜೆ ಇನ್ನೂರ ಎಂಬತ್ತು. ಹತ್ತು, ಹನ್ನೊಂದು, ಹನ್ನೆರಡನೆಯ ದಿನಗಳೂ ಅಷ್ಟೆ. ನಡುವೆ ಗಿರಣಿಯ ವಾರದ ರಜೆಯ ಸಂಜೆ ಮಾತ್ರ ಮೂವತ್ತು ಅಂಕ ಹೆಚ್ಚಿತ್ತು. ತಂಗಿ ಅದರ ಪಕ್ಕದಲ್ಲಿ 'ಆಕಸ್ಮಿಕ' ಎಂದು ಸಣ್ಣಕ್ಷರದಲ್ಲಿ ಬರೆದು ಮುಂದೆ ಹೋದಳು.

"ಅಮ್ಮಾ, ಯಾರೋ ನಳಿಗೆ ಹಿಡಿದು ಧೂಳು ಧೂಳು ಅಂತ ಕುಣೀತಿದ್ರಲ್ಲ, ಅವರ ಮುಖ ಯಾಕೆ ಹೀಗೆ ಜೋತುಬಿದ್ದಿದೆ ಕೇಳು."

ಹದಿಮೂರನೆಯ ದಿನ ತಂಗಿಗೆ ಅಡುಗೆಮನೆಯ ಡಬ್ಬಿಯ ಮೇಲೆ ಅನುಮಾನ ಹೋಯಿತು. ಅಮ್ಮ ದಿನವೂ ಊಟವಾದ ಮೇಲೆ ಒಂದು ಚಮಚ ಹೊಟ್ಟು ಕುಡಿಯುತ್ತಿದ್ದಳು. ಮುಚ್ಚಳ ತೆಗೆದಾಗಲೆಲ್ಲ ಧೂಳು ಏಳಬಹುದು. ಅವಳು ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿಟ್ಟಳು. ಅದರ ಜಾಗದಲ್ಲಿ ಔಷಧಿ ಅಂಗಡಿಯ ಸಿಹಿ ದ್ರವದ ಬಾಟಲಿ ಬಂತು.

"ನಿಮ್ಮಿಬ್ಬರ ಜಗಳದಲ್ಲಿ ನನ್ನ ಕರುಳು ಯಾಕೆ ಸಿಕ್ಕಿಹಾಕ್ಕೋಬೇಕು?" ಎಂದು ಅಮ್ಮ ರೇಗಿದಳು. "ಇವಳಿಗೆ ಉಸಿರು ಕಟ್ಟುತ್ತೆ ಅಂತ ನನ್ನ ಹೊಟ್ಟೇನೂ ಕಟ್ಟಿಹಾಕ್ತೀಯಾ?"

ಎರಡು ದಿನ ಕಳೆದರೂ ಅಂಕ ಅಲ್ಲಾಡಲಿಲ್ಲ. ಅಮ್ಮನಿಗೆ ಹೊಟ್ಟೆ ಉಬ್ಬರ, ಅಕ್ಕನಿಗೆ ಹಿಗ್ಗು.

ಹದಿನೈದನೆಯ ದಿನದ ಸಂಜೆ ತಂಗಿ ತಾಳ್ಮೆ ಕಳೆದುಕೊಂಡಳು. ಮುಳ್ಳು ಇನ್ನೂರ ಎಂಬತ್ತರಲ್ಲಿ ನಿಂತಿತ್ತು. ಕೊಳವೆಯಲ್ಲಿ ಅಂಕ ಬರುವುದು ಊದುವವರ ಶ್ರಮದ ಮೇಲೆ. ಮನಸ್ಸಿಲ್ಲದೆ ಊದಿದರೆ ಎಂಥ ಆರೋಗ್ಯವಂತರ ಅಂಕವೂ ಇಳಿಯುತ್ತದೆ. ಈ ಲೆಕ್ಕಾಚಾರ ಅವಳ ತಲೆಯಲ್ಲಿ ಮೂರು ದಿನದಿಂದ ಕೊರೆಯುತ್ತಿತ್ತು. ಈಗ ಬಾಯಿಗೆ ಬಂದುಬಿಟ್ಟಿತು.

"ನೀನು ಬೇಕಂತಲೇ ಮೆಲ್ಲಗೆ ಊದ್ತಿದೀಯ."

ಆರು ತಿಂಗಳಲ್ಲಿ ಮೊದಲ ಸಲ ಅಕ್ಕ ಅವಳನ್ನು ಕಣ್ಣಿಟ್ಟು ನೋಡಿದಳು.

"ಏನಂದೆ?"

"ಜಾಗ ಉಳಿಸ್ಕೊಳ್ಳೋಕೆ ಮೋಸ ಮಾಡ್ತಿದೀಯ ಅಂದೆ. ಗಿರಣಿಯ ಅಂಕಕ್ಕೂ ಮನೆ ಅಂಕಕ್ಕೂ ಹೊಂದಿಸಿ ಹೊಂದಿಸಿ ಊದ್ತಿದೀಯ."

"ನನ್ನ ಕೈಯಿಂದ ಹೋದ ಒಂದೇ ಒಂದು ಚೀಲಕ್ಕೆ ಕಲಬೆರಕೆ ಅಂತ ಯಾರಾದ್ರೂ ಅಂದಿದಾರೇನೇ? ಕಡಿಮೆ ಉಬ್ಬಿದೆ ಅಂತ ನೀನಂದೆ, ಸಹಿಸ್ಕೊಂಡೆ. ಈಗ ಕಳ್ಳಿ ಅಂತಿದೀಯ." ಅಕ್ಕನ ದನಿಯಲ್ಲಿ ಸಿಳ್ಳೆ ಸೇರಿಕೊಂಡಿತು; ಮಾತು ಮಾತಿಗೂ ಉಸಿರೆಳೆಯುತ್ತಿದ್ದಳು. "ಅಕ್ಷರ ಕಲಿಸಿದ್ದಕ್ಕೆ ಚೆನ್ನಾಗಿ ತೀರಿಸಿದೆ ಕಣೇ. ಏಳು, ಎದ್ದೋಗು ನನ್ನ ಕಣ್ಣೆದುರಿಂದ."

"ಸಾಕು ಮಾಡ್ರೇ ಇಬ್ರೂ!" ಅಮ್ಮ ಕತ್ತರಿಯನ್ನು ಮೇಜಿಗೆ ಕುಕ್ಕಿದಳು. ಅಕ್ಕ ಔಷಧಿಯ ಪಂಪನ್ನು ಬಾಯಿಗಿಟ್ಟುಕೊಂಡು ಗೋಡೆಗೆ ಮುಖಮಾಡಿ ಕೂತಳು. ತಂಗಿ ಹಾಳೆಯ ಅಂಚಿನಲ್ಲಿ ಬರೆದಳು: 'ಶ್ರಮ ಸಂದೇಹಾಸ್ಪದ.'

ಹದಿನಾರನೆಯ ದಿನ ಬೆಳಗ್ಗೆ ತಂಗಿ ಹೊರಡಬೇಕಿತ್ತು. ಪ್ರಯೋಗಾಲಯಕ್ಕೆ ತರಿಸುವ ಹೊಸ ಯಂತ್ರವೊಂದನ್ನು ನಡೆಸಲು ಕಲಿಯುವುದಕ್ಕೆ ಬೇರೆ ಊರಿನಲ್ಲಿ ಮೂರು ದಿನದ ತರಬೇತಿ. ಕೊಳವೆಯನ್ನೂ ಹಾಳೆಯನ್ನೂ ಅವಳು ಅಮ್ಮನಿಗೆ ಒಪ್ಪಿಸಿದಳು. ನಲವತ್ತು ವರ್ಷ ಟೇಪು ಹಿಡಿದು ಜನರ ಭುಜ, ಎದೆ ಅಳೆದವಳಿಗೆ ಮುಳ್ಳು ಓದುವುದು ಕಲಿಸಬೇಕಾಗಿರಲಿಲ್ಲ. ಅಕ್ಕ ಹಾಸಿಗೆಯ ಮೇಲೆ ಬೆನ್ನು ತಿರುಗಿಸಿ ಮಲಗಿದ್ದಳು. ತಂಗಿ ಬಾಗಿಲು ದಾಟಿದ ಮೇಲೂ ತಿರುಗಲಿಲ್ಲ.

ಮೂರು ದಿನ ಕಳೆದು, ಹದಿನೆಂಟನೆಯ ದಿನದ ಸಂಜೆ ತಂಗಿ ಮನೆಗೆ ಬಂದಾಗ, ಅಕ್ಕ ಮೆಟ್ಟಿಲ ಮೇಲೆ ಕೂತು ಪಕ್ಕದ ಮನೆಯವಳೊಡನೆ ಜೋರಾಗಿ ನಗುತ್ತಿದ್ದಳು. ನಗುವಿನ ಕೊನೆಗೆ ಕೆಮ್ಮು ಬರಲಿಲ್ಲ. ಹಾಳೆ ಮೇಜಿನ ಮೇಲಿತ್ತು. ಅಮ್ಮನ ದೊಡ್ಡ ದೊಡ್ಡ ಅಂಕಿಗಳಲ್ಲಿ: ಮೊದಲ ದಿನ ಮುನ್ನೂರ ನಲವತ್ತು, ಎರಡನೆಯ ದಿನ ಮುನ್ನೂರ ಎಪ್ಪತ್ತು, ಮೂರನೆಯ ದಿನ ಮುನ್ನೂರ ತೊಂಬತ್ತು.

"ಅಮ್ಮಾ, ನೀನು ಸರಿಯಾಗಿ ಓದಿದೆಯಾ?"

"ಅರ್ಧ ಅಂಗುಲ ತಪ್ಪಿದ್ರೆ ಗಿರಾಕಿ ಮುಖದ ಮೇಲೆ ಎಸೀತಿದ್ರು ಕಣೇ. ನನಗೆ ಓದೋಕೆ ಬರಲ್ವಾ?"

ಅಕ್ಕ ಬಾಗಿಲಲ್ಲಿ ಬಂದು ನಿಂತಳು. ಸೇಡಿನ ಮಾತು ತಡೆಯಲಾಗದೆ ಅಮ್ಮನ ಮಧ್ಯಸ್ಥಿಕೆಯನ್ನೂ ಮರೆತಳು.

"ಮೂರು ದಿನ ನೀನಿರಲಿಲ್ಲ, ನೆಮ್ಮದಿಯಾಗಿ ಉಸಿರಾಡಿದೆ. ಬರ್ಕೋ ಅದನ್ನೂ. ನನ್ನ ರೋಗದ ಹೆಸರೇ ನೀನು ಅಂತ ಬರ್ಕೋ."

ತಂಗಿ ಹಾಳೆ ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತಳು. ಮೋಸ ಮಾಡುವವಳಾಗಿದ್ದರೆ ಅಕ್ಕ ಈ ಮೂರು ದಿನ ಅಮ್ಮನೆದುರು ಇನ್ನೂ ಸಲೀಸಾಗಿ ಮೋಸ ಮಾಡಬಹುದಿತ್ತು. ಮಾಡಿರಲಿಲ್ಲ. ಹಾಗಾದರೆ ಹಿಂದಿನ ಏಳು ದಿನಗಳ ಅಂಕವೂ ನಿಜವೇ. ಮನೆ ಅದೇ, ಅಕ್ಕ ಅದೇ, ಡಬ್ಬಿ ಹೊರಗೇ ಇದೆ. ಬದಲಾದದ್ದು ಒಂದೇ. ಅಕ್ಕ ಹಗೆಯಿಂದ ಹೇಳಿದ್ದನ್ನು ತಂಗಿ ಅಕ್ಷರಶಃ ತೆಗೆದುಕೊಂಡಳು. ವಾರದ ರಜೆಯ ಆ ಮೂವತ್ತು ಅಂಕವನ್ನೂ ನೋಡಿದಳು. ಅಂದು ತಾನು ಕೋಟು ತೊಟ್ಟಿರಲಿಲ್ಲ.

ಹೊಟ್ಟಿನ ಕಸುಬಿನವರು ಬಟ್ಟೆಯನ್ನು ನೇರವಾಗಿ ನೀರಿಗೆ ಹಾಕುವುದಿಲ್ಲ. ಒದ್ದೆಯಾದೊಡನೆ ಧೂಳು ಲೋಳೆಯಾಗಿ ನೂಲಿಗೆ ಅಂಟಿಕೊಂಡು, ಸೋಪು ಹಾಕಿ ತಿಕ್ಕಿದರೂ ಬಿಡದೆ, ಒಣಗಿದ ಮೇಲೆ ಗಂಜಿ ಹಾಕಿದಂತೆ ಸೆಟೆದು ನಿಲ್ಲುತ್ತದೆ. ಒಣಗಿದ್ದಾಗಲೇ ಕೊಡವಬೇಕು, ಬ್ರಷ್ಷಿನಿಂದ ಉಜ್ಜಬೇಕು, ಆಮೇಲೆ ಒಗೆಯಬೇಕು. ಜರಡಿಮನೆಯವರಿಗೆ ಗಿರಣಿಯಲ್ಲೇ ಸ್ನಾನದ ಮನೆಯಿದೆ. ಮೈ ತೊಳೆದು, ಬಟ್ಟೆ ಬದಲಿಸದೆ ಹೊರಹೋಗುವಂತಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅಕ್ಕ ಒಂದು ಚಿಟಿಕೆ ಧೂಳನ್ನೂ ಮನೆಗೆ ತಂದವಳಲ್ಲ. ಪ್ರಯೋಗಾಲಯದವರಿಗೆ ಆ ನಿಯಮವಿರಲಿಲ್ಲ. ತಂಗಿ ದಿನವೂ ಏಳೂ ಜರಡಿಗಳಿಂದ ಮಾದರಿ ತೆಗೆದು, ಅದೇ ಕೋಟಿನಲ್ಲಿ ಮನೆಗೆ ಬಂದು, ಆರೂವರೆಗೆ ಹಿಂದಿನ ಓಣಿಯಲ್ಲಿ ನಿಂತು, ಬಲು ಶಿಸ್ತಿನಿಂದ ತೋಳಿಗೆ ಇಪ್ಪತ್ತು, ಬೆನ್ನಿಗೆ ಇಪ್ಪತ್ತು ಸಲ ಕೊಡವಿ ಉಜ್ಜುತ್ತಿದ್ದಳು. ಓಣಿಯ ಮೇಲೆ ತೆರೆದುಕೊಳ್ಳುವ ಒಂದೇ ಕಿಟಕಿ ಅಕ್ಕನ ಹಾಸಿಗೆಯ ತಲೆಯ ಕಡೆಗಿತ್ತು.

ಇಷ್ಟು ತರ್ಕ ಸಾಲದೆಂದು ಅವಳಿಗೆ ಗೊತ್ತಿತ್ತು. ಹತ್ತೊಂಬತ್ತನೆಯ ದಿನ ಬೆಳಗ್ಗೆ ಆ ಕಿಟಕಿಯ ಚೌಕಟ್ಟಿಗೆ, ದಿಂಬಿಗೆ, ಕುರ್ಚಿಯ ಬೆನ್ನಿಗೆ ಅಂಟುಪಟ್ಟಿ ಒತ್ತಿ ತೆಗೆದು, ಗಾಜಿನ ಪಟ್ಟಿಗಳ ಮೇಲೆ ಹಚ್ಚಿ, ಪ್ರಯೋಗಾಲಯಕ್ಕೆ ಒಯ್ದಳು. ಸೂಕ್ಷ್ಮದರ್ಶಕದ ಕೆಳಗೆ ಮನೆಯ ಕಸವೆಲ್ಲ ಒಂದೇ ತೆರನಾಗಿ ಕಂಡಿತು. ಒಂದು ಹನಿ ನೀರು ಬಿಟ್ಟು ಕಾದಳು. ದಾರದ ಎಳೆಗಳೂ ಮಣ್ಣಿನ ಕಣಗಳೂ ಇದ್ದಂತೆಯೇ ಇದ್ದವು. ಅವುಗಳ ನಡುವೆ, ಬಣ್ಣವಿಲ್ಲದ ಚೂರುಗಳು ಒಂದೊಂದಾಗಿ ಕದಲಿ, ಹಿಗ್ಗಿ, ಸುತ್ತಲೂ ಪಾರದರ್ಶಕ ಲೋಳೆಯ ಬಳೆ ತೊಟ್ಟುಕೊಂಡವು. ಹೊಟ್ಟಲ್ಲದೆ ಬೇರೇನೂ ಹಾಗೆ ಮಾಡದು. ದಿಂಬಿನ ಗಾಜಿನಲ್ಲಿ ಅಂಥ ಬಳೆಗಳನ್ನು ಎಣಿಸುತ್ತ ಹೋದವಳು ಅರವತ್ತಕ್ಕೆ ನಿಲ್ಲಿಸಿದಳು.

ಅಂದಿನಿಂದ ಅವಳು ಗಿರಣಿಯ ಸ್ನಾನದ ಮನೆಯಲ್ಲೇ ಮೈ ತೊಳೆದು ಬೇರೆ ಬಟ್ಟೆಯುಟ್ಟು ಬಂದಳು. ಮನೆಯ ನೆಲ, ಗೋಡೆ, ಹಾಸಿಗೆಗಳನ್ನು ಒದ್ದೆ ಬಟ್ಟೆಯಿಂದ ತಾನೇ ಒರೆಸಿದಳು. ಯಾಕೆಂದು ಅಮ್ಮ ಕೇಳಿದಾಗ, "ಆಮೇಲೆ ಹೇಳ್ತೀನಿ," ಎಂದಳು. ಮೊದಲೇ ಹೇಳಿದರೆ ಊದುವವಳ ಮನಸ್ಸು ಅಂಕದಲ್ಲಿ ಬೆರೆಯುತ್ತದೆ. ಇಪ್ಪತ್ತನೆಯ ದಿನ ಮುನ್ನೂರ ತೊಂಬತ್ತು, ಇಪ್ಪತ್ತೊಂದನೆಯ ದಿನವೂ ಅಷ್ಟೆ, ಇಪ್ಪತ್ತೆರಡನೆಯ ದಿನ ನಾನೂರು. ಪ್ರತಿ ಅಂಕವನ್ನೂ ಅಕ್ಕ ಬಗ್ಗಿ ನೋಡಿ, ಮುಖ ಗಂಟಿಕ್ಕಿ ಹೋಗುತ್ತಿದ್ದಳು.

ಇಪ್ಪತ್ಮೂರನೆಯ ದಿನ ಮಧ್ಯಾಹ್ನ ಊಟದ ಮೇಜಿನ ಮುಂದೆ ತಂಗಿ ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಕೋಟು, ಓಣಿ, ಕಿಟಕಿ, ದಿಂಬು. "ನೀನು ಮೋಸ ಮಾಡಿರಲಿಲ್ಲ. ತಪ್ಪು ನನ್ನದು," ಎಂದು ಮುಗಿಸಿದಳು.

ಅಕ್ಕ ಚಮಚವನ್ನು ತಟ್ಟೆಯ ಅಂಚಿಗೆ ಬಡಿದಳು.

"ಅಂದ್ರೆ ದಿನಾ ಸಂಜೆ ನನ್ನ ಮೂಗಿಗೆ ಕೊಡವಿ, ಆಮೇಲೆ ಬಂದು 'ಊದು' ಅಂತಿದ್ದೆ."

"ಹೌದು."

"ಕೊಡವಿದವಳು ನೀನು, ಕಳ್ಳಿ ನಾನು."

"ಹೌದು ಅಂದೆನಲ್ಲ."

"ಎಷ್ಟು ಸಲೀಸಾಗಿ ಹೌದು ಅಂತೀಯೇ." ಅಕ್ಕ ತಟ್ಟೆ ಸರಿಸಿದಳು. ದನಿ ತಗ್ಗಿತು, ತಗ್ಗಿದ ದನಿ ಇನ್ನೂ ಒರಟಾಗಿತ್ತು. "ಸರಿ, ಒಂದು ಕೆಲಸ ಮಾಡು. ಏರಿದ ಅಂಕಗಳನ್ನ ಹೊಡೆದುಹಾಕು. ಅಮ್ಮನ ಕಣ್ಣು ಮಂದ, ತಪ್ಪು ಓದಿದಾಳೆ ಅಂತ ಬರಿ, ನೀನು ಬರೆದವನ್ನೂ ತಿದ್ದು. ನಿನ್ನ ಮರ್ಯಾದೆನೂ ಉಳಿಯುತ್ತೆ, ನನ್ನ ಜಾಗನೂ ಉಳಿಯುತ್ತೆ."

"ಯಾರ ಕಣ್ಣೇ ಮಂದ?" ಎಂದಳು ಅಮ್ಮ. "ಈಗಲೂ ಸೂಜಿಗೆ ದಾರ ಪೋಣಿಸ್ತೀನಿ. ನಿಮ್ಮಿಬ್ಬರಿಗೂ ಬಾಯಿ ಹೊಲಿದುಬಿಡ್ತೀನಿ ನೋಡಿ."

"ಬರೆಯಲ್ಲ," ಎಂದಳು ತಂಗಿ. "ಬರೆದ್ರೆ ನೀನು ವಾಪಸ್ ಜರಡಿ ಮುಂದೆ ನಿಲ್ತೀಯ. ಡಾಕ್ಟರು ಹೇಳಿದ್ದು ಮರೆತೆಯಾ? ಸಾಯ್ತೀಯ ಅಕ್ಕಾ."

"ಗೇಟಿನ ಹತ್ರ ಕೂರಿಸಿ ಬಂದೋರ ಹೆಸರು ಬರ್ಕೋ ಅಂತಾರೆ. ಆ ಎಡಚಿ ನನ್ನ ಸ್ಟೂಲ್ ಮೇಲೆ ಕೂತ್ಕೊಂಡು ಕಾಲಾಡಿಸ್ತಾಳೆ. ಅದನ್ನ ನೋಡ್ತಾ ಬದುಕಿರಬೇಕಾ ನಾನು? ನಳಿಗೆ ಹಿಡಿಯೋಳಿಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು. ಮೊದಲು ನನ್ನ ಬೆರಳು ತೆಗೆದೆ, ಈಗ ಜಾಗ ತೆಗೀತಿದೀಯ." ಎದ್ದಳು. "ನಾಳೆ ಬೆಳಗ್ಗೆ ಕೊನೇ ಊದು ಇದೆಯಲ್ಲ. ಊದೋಳು ನಾನು. ನೋಡ್ಕೊಳ್ತೀನಿ."

ಅದರ ಅರ್ಥ ತಂಗಿಗೆ ಆಯಿತು. ಕೊನೆಯ ಅಂಕವನ್ನು ಡಾಕ್ಟರು ತಮ್ಮೆದುರೇ ಊದಿಸಿ ಹಿಂದಿನದಕ್ಕೆ ಹೋಲಿಸುತ್ತಾರೆ. ಅದು ಮುನ್ನೂರಕ್ಕೆ ಇಳಿದರೆ ಏರಿದ ಅಂಕಗಳೆಲ್ಲ ಅನುಮಾನಕ್ಕೆ ಬೀಳುತ್ತವೆ. ಅಕ್ಕ ಇಷ್ಟು ದಿನ ಮಾಡದ ಮೋಸವನ್ನು ನಾಳೆ ನಿಜಕ್ಕೂ ಮಾಡಬಹುದು. ಆ ದಾರಿ ಇದೆಯೆಂದು ಅವಳಿಗೆ ತೋರಿಸಿಕೊಟ್ಟವಳು ತಾನೇ.

ಇಪ್ಪತ್ನಾಲ್ಕನೆಯ ದಿನ ಬೆಳಗ್ಗೆ ಏಳಕ್ಕೆ ಇಬ್ಬರೂ ಡಾಕ್ಟರ ಕೋಣೆಯಲ್ಲಿದ್ದರು. ನಡುವೆ ಒಂದು ಖಾಲಿ ಕುರ್ಚಿ. ಡಾಕ್ಟರು ಹಾಳೆ ಓದಿದರು. ಅಂಚಿನ 'ಶ್ರಮ ಸಂದೇಹಾಸ್ಪದ' ಎಂಬಲ್ಲಿ ಬೆರಳಿಟ್ಟರು.

"ಇದೇನು? ಇವರು ಸರಿಯಾಗಿ ಊದಿಲ್ಲ ಅಂತಾನಾ?"

"ಅದು ನನ್ನ ತಪ್ಪು ಊಹೆ ಸರ್. ಹೊಡೆದುಹಾಕ್ಬೇಕು."

"ಅದನ್ನ ಇವರೇ ತೋರಿಸಲಿ," ಎಂದು ಅವರು ಕೊಳವೆಯನ್ನು ಅಕ್ಕನ ಕಡೆ ಚಾಚಿದರು.

ಅಕ್ಕ ಆ ಎರಡು ಪದಗಳನ್ನು ಬಗ್ಗಿ ಓದಿದಳು. ಇಂಥದೊಂದನ್ನು ಬರೆದಿಟ್ಟಿರುವುದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಿವಿಯವರೆಗೂ ಕೆಂಪೇರಿತು. ಎದ್ದು ನಿಂತು, ಸೆರಗು ಬಿಗಿದು, ಕೊಳವೆಯನ್ನು ತುಟಿಗೆ ಒತ್ತಿದಳು. ಅಕ್ಕ ಊದಿದಳು, ಕುತ್ತಿಗೆಯ ನರ ಎದ್ದು ನಿಂತಿತು. ಮತ್ತೊಮ್ಮೆ ಊದಿದಳು. ಮೂರನೆಯ ಸಲ ಊದುವಾಗ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. ಮುಳ್ಳು ನಾನೂರ ಹತ್ತರಲ್ಲಿ ನಿಂತಿತು.

"ಮೆಲ್ಲಗೆ ಊದಿದೆ ಅಂತ ಇನ್ನೊಂದ್ಸಲ ಅನ್ನು ನೋಡೋಣ," ಎಂದಳು ತಂಗಿಗೆ. ಕೊಳವೆಯನ್ನು ಅವಳ ಮುಂದೆ ಕುಕ್ಕಿ, ಯಾರನ್ನೂ ನೋಡದೆ ಹೊರಟುಹೋದಳು. ಕಾರಿಡಾರಿನಲ್ಲಿ ಅವಳ ಹೆಜ್ಜೆಗಳು ಜರಡಿಮನೆಯ ಕಡೆಗೆ ತಿರುಗಲಿಲ್ಲ. ಗೇಟಿನ ಕಡೆಗೆ ಸಾಗಿದವು.

ಡಾಕ್ಟರು ಹಾಳೆಯನ್ನು ಮುಂದಕ್ಕೆ ತಳ್ಳಿದರು. ಕೊನೆಯ ಸಾಲು ಖಾಲಿಯಿತ್ತು. ತಂಗಿ ನಾನೂರ ಹತ್ತು ಎಂದು ತುಂಬಿದಳು, ಅಂಚಿನ ಎರಡು ಪದಗಳನ್ನು ಗೆರೆಯೆಳೆದು ಹೊಡೆದಳು, ಕೆಳಗೆ ಬರೆದಳು:

'ತೀರ್ಮಾನ: ಉಬ್ಬಸಕ್ಕೆ ಕಾರಣ ಇಸಬಗೋಲಿನ ಹೊಟ್ಟಿನ ಧೂಳು. ಒಂಬತ್ತನೆಯ ದಿನದಿಂದ ಹದಿನೈದನೆಯ ದಿನದವರೆಗೆ ಆ ಧೂಳನ್ನು ಮನೆಗೆ ತಂದವಳು ಈ ಹಾಳೆ ಬರೆದವಳು.'